ಎಂಬತ್ತೇಳನೆಯ ಪೇರಿನ ಸದ್ದು

ದೂರವಾಣಿ ಕೆಲಸಕ್ಕೆ ಈಗ ಸೇರುವವರು ಗಾಜಿನ ಎಳೆ ಹಿಡಿದು ಬರುತ್ತಾರೆ. ನಾವು ತಾಮ್ರದ ತಂತಿ ಹಿಡಿದು ಬಂದವರು. ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಹೊಸಬರಿಗೆ ಕಲಿಯುವಂಥದ್ದು ಏನೂ ಇಲ್ಲ. ಅದನ್ನು ಬಿಟ್ಟಿದ್ದೇನೆ. ಮಾಡಿದ ತಪ್ಪುಗಳಲ್ಲಿ ಎರಡನ್ನು ಬರೆಯುತ್ತೇನೆ. ಒಂದು ತರೀಕೆರೆಯದು, ಚಿಕ್ಕದು. ಇನ್ನೊಂದು ಅಜ್ಜಂಪುರದ್ದು. ಅದನ್ನು ನಾನು ದಿನಾ ಬೆಳಿಗ್ಗೆ, ಒಂದು ನಿಮಿಷವೂ ಆಚೀಚೆ ಆಗದಂತೆ ಮಾಡುತ್ತಿದ್ದೆ.

ಮೊದಲು ಕಡೂರು. ನನಗೆ ಕೆಲಸ ಕಲಿಸಿದ ಸೂಪರ್‌ವೈಸರ್ ಅಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ಸರಿಯಿದ್ದ ಲೈನುಗಳನ್ನು ಬರೆಯಲು ನೀಲಿ, ಇನ್ನೊಂದು ಕೆಟ್ಟ ಲೈನುಗಳಿಗೆ ಕೆಂಪು. ಊರಿನ ಫೋನುಗಳ ತಂತಿಗಳೆಲ್ಲ ಎಕ್ಸ್‌ಚೇಂಜಿನ ಒಳಗೆ ಒಂದು ಕಬ್ಬಿಣದ ಚೌಕಟ್ಟಿಗೆ ಬಂದು ಸೇರುತ್ತವೆ. ಅದಕ್ಕೆ ಫ್ರೇಮ್ ಎನ್ನುತ್ತಿದ್ದೆವು. ಒಂದೊಂದು ಫೋನಿಗೆ ಎರಡೆರಡು ತಂತಿ. ಆ ಜೋಡಿಗೆ ಪೇರ್ ಎಂದು ಹೆಸರು, ಪ್ರತಿ ಪೇರಿಗೂ ಒಂದು ಸಂಖ್ಯೆ. ಫೋನ್ ನಂಬರೇ ಬೇರೆ, ಪೇರ್ ನಂಬರೇ ಬೇರೆ. ಬೆಳಿಗ್ಗೆ ಆರೂವರೆಗೆ ಟೆಸ್ಟ್ ಫೋನಿನ ಎರಡು ಕ್ಲಿಪ್ಪುಗಳನ್ನು ಮೊದಲನೆಯ ಪೇರಿಗೆ ಕಚ್ಚಿಸಬೇಕು, ಡಯಲ್ ಟೋನ್ ಕೇಳಬೇಕು, ಪುಸ್ತಕದಲ್ಲಿ ಸಮಯ ಹಾಕಿ ಬರೆಯಬೇಕು, ಮುಂದಿನ ಪೇರಿಗೆ ಹೋಗಬೇಕು. ಜನ ಎದ್ದು ಫೋನ್ ಎತ್ತುವ ಮೊದಲೇ ಯಾವ ಲೈನು ಕೆಟ್ಟಿದೆಯೆಂದು ನಮಗೆ ತಿಳಿದಿರಬೇಕು. ಇದು ಅವರ ಪದ್ಧತಿ. ಹೊಸ ಯಂತ್ರಗಳು ಬಂದು ಲೈನುಗಳನ್ನು ತಾವೇ ಪರೀಕ್ಷೆ ಮಾಡಿಕೊಳ್ಳತೊಡಗಿದ ಮೇಲೂ ನಾನು ಅದನ್ನು ಬಿಡಲಿಲ್ಲ. ಯಂತ್ರ ನೋಡಲಿ, ನಾನೂ ನೋಡುತ್ತೇನೆ ಎಂಬ ಹಟ.

ತರೀಕೆರೆಗೆ ವರ್ಗವಾದ ಹೊಸದರಲ್ಲಿ ಒಂದು ಪೇರಿನಲ್ಲಿ ಘರಘರ ಸದ್ದು ಬಂತು. ತಂತಿ ಎಲ್ಲೋ ಉಜ್ಜಿ ನೆಲ ಸೇರುತ್ತಿದೆ ಎಂದು ಕೆಂಪು ಶಾಯಿಯಲ್ಲಿ ಬರೆದು ಏಣಿ ಹೊತ್ತು ಹೊರಟೆ. ಕಂಬ ಹತ್ತಿದೆ, ಇಳಿದೆ, ಮುಂದಿನ ಕಂಬ ಹತ್ತಿದೆ. ತಂತಿ ಕೊನೆಗೆ ಒಂದು ಕಾಫಿಪುಡಿ ಅಂಗಡಿಗೆ ಕರೆದುಕೊಂಡು ಹೋಯಿತು. ಅಲ್ಲಿ ಬೀಜ ಪುಡಿ ಮಾಡುವ ಯಂತ್ರ ಓಡುತ್ತಿತ್ತು, ಅದರ ಪಕ್ಕದಲ್ಲಿ ರಿಸೀವರ್ ಅಂಗಾತ ಮಲಗಿತ್ತು.

“ಯಾಕ್ರೀ ಇದನ್ನ ಕೆಳಗೆ ಇಟ್ಟಿದೀರಿ?” ಎಂದೆ.

“ಶಿವಮೊಗ್ಗದೋರು ಫೋನ್ ಮಾಡಿದ್ರು ಸಾರ್. ಲೈನಲ್ಲೇ ಇರಿ, ಒಂದ್ನಿಮಿಷ ಬಂದೆ ಅಂದ್ರು. ಅದಕ್ಕೆ ಫೋನ್ ಇಟ್ಟಿಲ್ಲ.”

“ಯಾವಾಗ ಅಂದಿದ್ದು?”

“ನಿನ್ನೆ ಸಂಜೆ.”

ಮುಂದಿನ ತಿಂಗಳು ಕಡೂರಿಗೆ ಮೀಟಿಂಗಿಗೆ ಹೋದಾಗ ಸೂಪರ್‌ವೈಸರಿಗೆ ಈ ಕಥೆ ಹೇಳಿದೆ. ಅವರು ನಗಲಿಲ್ಲ. “ಸದ್ದು ಬಂತು ಅಂದ್ರೆ ಲೈನ್ ಕೆಟ್ಟಿದೆ ಅಂತ್ಲೇ ಅಲ್ಲ ಕಣಯ್ಯ. ಆ ತುದೀಲಿ ಯಾರೋ ಕೆಲಸ ಮಾಡ್ತಿರಬೋದು,” ಎಂದರು. ತಲೆಯಾಡಿಸಿದೆ. ಮರೆತೂಬಿಟ್ಟೆ.

ಅಜ್ಜಂಪುರಕ್ಕೆ ಬಂದದ್ದು ಕೆಲಸದ ಕೊನೆಯ ಭಾಗದಲ್ಲಿ. ಆಗ ಫೋನ್ ತಂತಿಯಲ್ಲೇ ಇಂಟರ್ನೆಟ್ ಬರುವ ಕಾಲ. ಚಂದಾದಾರರಿಗೆ ಒಂದು ಲಕೋಟೆ ಕೊಡುತ್ತಿದ್ದೆವು; ಅದರಲ್ಲಿ ಹೆಸರು, ಗುಪ್ತಪದ, ಮತ್ತು ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತದೆಂದು ಭಾವಿಸಿದ್ದ, ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆಗೆ ಹೊಂದುವ ಸಿ.ಡಿ. ಇರುತ್ತಿತ್ತು. ಒಂದು ದಿನ ಶಶಿಕಲಾ ಎಂಬ ಮೇಡಂ ಆ ಸಿ.ಡಿ.ಯನ್ನು ವಾಪಸು ತಂದು ನನ್ನ ಮೇಜಿನ ಮೇಲಿಟ್ಟರು. ಅವರು ಚೌಳಹಿರಿಯೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಅಜ್ಜಂಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

“ಇದು ನನಗೆ ಬರಲ್ಲ ಸಾರ್. ನಮ್ಮ ಕಂಪ್ಯೂಟರಿಂದು ಬೇರೆ ವ್ಯವಸ್ಥೆ, ಲಿನಕ್ಸ್.”

ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಹಾಗೆಂದು ಹೇಳಲಿಲ್ಲ. “ಭಾನುವಾರ ಒಂಬತ್ತಕ್ಕೆ ಬರುತ್ತೇನೆ,” ಎಂದೆ. ಒಂಬತ್ತಕ್ಕೆ ಹೋದೆ. ಲೈನ್‌ಮನ್ ರಂಗಪ್ಪನೂ ಜೊತೆಗೆ ಬಂದ.

ಅವರದು ಈರುಳ್ಳಿ ವ್ಯಾಪಾರದ ಮನೆ. ಗಂಡ ಬೆಳಕು ಹರಿಯುವ ಮೊದಲೇ ಮಂಡಿಗೆ ಹೋಗುವವರು. ನಡುಮನೆಯಲ್ಲಿ ಎರಡು ಸಾಲು ಚೀಲ, ನಡುವೆ ಕಂಪ್ಯೂಟರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಗೌರಮ್ಮನವರು, ಹಣೆಯಲ್ಲಿ ವಿಭೂತಿ. ಅವರ ಕೈಗೆಟಕುವಂತೆ ಗೋಡೆಯಲ್ಲಿ ಅದೇ ಲೈನಿನ ಎರಡನೆಯ ಫೋನು. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಒಂದು ಅದರೊಳಗೇ ಇತ್ತಂತೆ, ಅದು ಲಿನಕ್ಸಿನ ಮಾತು ಕೇಳಲಿಲ್ಲವಂತೆ. ಅದಕ್ಕೇ ಮೇಡಂ ಹೊರಗೆ ಇಡುವ ಮೋಡೆಮ್ ಒಂದನ್ನು ತರಿಸಿದ್ದರು. ಅದಕ್ಕೆ ಮುಂದೆ ಸಾಲಾಗಿ ದೀಪಗಳಿದ್ದವು. ದೀಪವಿರುವ ಯಂತ್ರ ನನಗೆ ಒಪ್ಪಿಗೆ. ಏನು ನಡೆಯುತ್ತಿದೆ ಎಂದು ಅದು ಮುಚ್ಚಿಡುವುದಿಲ್ಲ.

ಮೇಡಂ ಒಂದು ಸಾಲು ಟೈಪ್ ಮಾಡಿದರು. ಪರದೆಯ ಮೇಲೆ ಡಯಲ್ ಟೋನ್ ಇಲ್ಲ ಎಂದು ಬಂತು. ನಾನು ಟೆಸ್ಟ್ ಫೋನ್ ಹಾಕಿ ಕೇಳಿದೆ. ಟೋನ್ ಚೆನ್ನಾಗಿ ಇತ್ತು. ಮತ್ತೆ ಮಾಡಿದರು, ಮತ್ತೆ ಅದೇ.

“ಸುಳ್ಳು ಹೇಳ್ತದಲ್ಲ ಸಾರ್ ಇದು,” ಎಂದ ರಂಗಪ್ಪ.

ನನಗೆ ಹೊಳೆಯಿತು. ಆ ಮೋಡೆಮ್ ಬೇರೆ ದೇಶದಲ್ಲಿ ತಯಾರಾದದ್ದು, ಅದು ಕಾಯುತ್ತಿದ್ದ ಟೋನ್ ಬೇರೆ. ನಮ್ಮ ಎಕ್ಸ್‌ಚೇಂಜಿನ ಟೋನ್ ಅದಕ್ಕೆ ಪರಿಚಯವಿಲ್ಲ. “ಟೋನಿಗೆ ಕಾಯಬೇಡ, ಸುಮ್ಮನೆ ನಂಬರ್ ಒತ್ತು ಅಂತ ಅದಕ್ಕೆ ಹೇಳಬಹುದಾ?” ಎಂದು ಕೇಳಿದೆ. ಮೇಡಂ ಮೋಡೆಮಿನ ಕೈಪಿಡಿ ತಿರುವಿ, ಒಂದು ಅಕ್ಷರ ಒಂದು ಅಂಕಿ ಹುಡುಕಿ ತೆಗೆದು, ಡಯಲ್ ಮಾಡುವ ಕಡತದ ಒಂದು ಸಾಲಿಗೆ ಸೇರಿಸಿದರು. ಮೋಡೆಮ್ ನಂಬರ್ ಒತ್ತಿತು. ಆಮೇಲೆ ಕಿರುಚಿತು.

“ಯಾರ್ ಕತ್ತು ಹಿಸುಕ್ತಿದೀರೇ ಅಲ್ಲಿ?” ಎಂದು ಒಳಗಿನಿಂದ ಗೌರಮ್ಮನವರು.

“ಇಂಟರ್ನೆಟ್ ಅತ್ತೆ.”

“ಬಿಟ್ಬಿಡ್ರೇ ಪಾಪ.”

ಕಿರುಚಾಟ ನಿಂತಿತು, ದೀಪಗಳು ಮಿನುಗಿದವು, ಸಂಪರ್ಕ ಬಂತು. ಕೂಗಾಟವೆಲ್ಲ ಶುರುವಿನಲ್ಲಿ ಮಾತ್ರ, ಆಮೇಲೆ ಲೈನು ಮೌನ ಎಂದು ನಾನು ತೀರ್ಮಾನ ಮಾಡಿಕೊಂಡೆ. ಹೊಸಬರು ಈ ತೀರ್ಮಾನವನ್ನು ಗುರುತು ಹಾಕಿಕೊಳ್ಳಬೇಕು. ನಾನು ಪೇಚಿಗೆ ಸಿಕ್ಕಿದ್ದು ಇದರಿಂದಲೇ.

ಮೇಡಂ ತೋರಿಸಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಲಿನಕ್ಸ್ ತನ್ನ ದಿನಚರಿ ತಾನೇ ಬರೆಯುತ್ತದೆ. ಎಷ್ಟು ಗಂಟೆಗೆ ಡಯಲ್ ಮಾಡಿತು, ಎಷ್ಟು ಗಂಟೆಗೆ ಸಿಕ್ಕಿತು, ಎಷ್ಟು ಗಂಟೆಗೆ ಕಡಿಯಿತು, ಎಲ್ಲ ಸಾಲಾಗಿ. “ಈ ಗಿರಾಕಿ ನಮ್ ಸಾರ್ ತರಾನೇ ಐತೆ,” ಎಂದ ರಂಗಪ್ಪ. ಅವನು ಅದನ್ನು ಹೊಗಳಿಕೆಯಾಗಿ ಹೇಳಲಿಲ್ಲ.

ಇಂಟರ್ನೆಟ್ ಏಕೆ ಬೇಕಿತ್ತು ಎಂದು ಆಮೇಲೆ ತಿಳಿಯಿತು. ಅವರ ಶಾಲೆಗೆ ಒಂದೇ ಕಂಪ್ಯೂಟರು. ಪರದೆಯ ಮೇಲೆ ಇರುವುದೆಲ್ಲ ಇಂಗ್ಲಿಷ್. “ಮಕ್ಕಳು ಓದಿ ಒತ್ತಲ್ಲ ಸಾರ್. ಎಡಗಡೆಯಿಂದ ಎರಡನೇದು, ಕೆಳಗಿಂದ ಮೂರನೇದು ಅಂತ ಜಾಗ ನೋಡಿ ಒತ್ತುತಾರೆ. ಜಾಗ ಬದಲಾದ್ರೆ ಮುಗೀತು.” ಲಿನಕ್ಸನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಬೇರೆ ಬೇರೆ ಊರುಗಳಲ್ಲಿ ಕುಳಿತ, ಒಬ್ಬರ ಮುಖ ಒಬ್ಬರು ನೋಡದ ಕೆಲವರು ಸೇರಿ ಅದನ್ನು ಕನ್ನಡಕ್ಕೆ ತರುತ್ತಿದ್ದರು. ಮೇಡಂ ಅವರಲ್ಲಿ ಒಬ್ಬರು. ಮನೆಕೆಲಸ, ಶಾಲೆ ಎರಡನ್ನೂ ಮುಗಿಸಿ ನಾಲ್ಕು ತಿಂಗಳು ಕುಳಿತು ತಮ್ಮ ಪಾಲಿನದನ್ನು ಬರೆದಿದ್ದರು. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಕಳುಹಿಸಿ, ಉಳಿದವರಿಂದ ತಿದ್ದಿಸಿಕೊಂಡು, ಈಗ ಕೊನೆಯದಾಗಿ ಎಲ್ಲವನ್ನೂ ಒಟ್ಟುಗೂಡಿಸಿದ ದೊಡ್ಡ ಕಡತವನ್ನು ಕಳುಹಿಸಬೇಕಿತ್ತು. ಶನಿವಾರ ಮಧ್ಯಾಹ್ನದೊಳಗೆ ಅದು ತಲುಪದಿದ್ದರೆ ಲಿನಕ್ಸಿನ ಹೊಸ ಸಿ.ಡಿ. ಕನ್ನಡವಿಲ್ಲದೆ ಬರುತ್ತದೆ. ಮುಂದಿನದು ಯಾವಾಗಲೋ.

ಮೋಡೆಮ್ ಹಾಕಿ ಕೆಲವು ವಾರಗಳಾಗಿದ್ದವು. ಆ ಶನಿವಾರಕ್ಕೆ ಮುಂಚಿನ ಸೋಮವಾರ ಮೇಡಂ ಫೋನ್ ಮಾಡಿದರು. “ಸಾರ್, ಅರ್ಧ ಹೋಗ್ತದೆ, ಕಟ್ ಆಗ್ತದೆ. ಮತ್ತೆ ಮೊದಲಿಂದ ಕಳಿಸಬೇಕು. ಅಷ್ಟರಲ್ಲಿ ನನ್ನ ಬಸ್ಸು ಬರ್ತದೆ.”

ಬೇರೆ ಹೊತ್ತಿನಲ್ಲಿ ಕಳುಹಿಸುವ ಹಾಗಿರಲಿಲ್ಲ. ಸಂಜೆ ಕರೆಂಟ್ ಇರುತ್ತಿರಲಿಲ್ಲ. ಬಂದಾಗ ಎಲ್ಲರೂ ಒಟ್ಟಿಗೆ ಮುಗಿಬಿದ್ದು ಆ ಕಡೆಯ ನಂಬರೇ ಸಿಗುತ್ತಿರಲಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಕರೆಂಟ್ ಬಂದರೆ ಏಳೂ ಇಪ್ಪತ್ತರ ಬಸ್ಸಿನವರೆಗೆ ಅವರ ಸಮಯ.

ಲೈನ್ ಕಡಿಯುತ್ತಿದೆ ಎಂದರೆ ನನ್ನ ಮರ್ಯಾದೆಯ ಪ್ರಶ್ನೆ. ಮಂಗಳವಾರ ಮಧ್ಯಾಹ್ನ ನಾನು, ರಂಗಪ್ಪ ಹೋಗಿ ಕಂಬದಿಂದ ಮನೆಗೆ ಬರುವ ತಂತಿಯನ್ನೇ ಬದಲಾಯಿಸಿದೆವು. ಗೋಡೆಯ ಡಬ್ಬಿ ಹೊಸದು ಹಾಕಿದೆವು. ಕೇಳಿದೆ. ಲೈನು ಸ್ಫಟಿಕದಂತೆ ಇತ್ತು. ಬುಧವಾರ ಬೆಳಿಗ್ಗೆ ಮತ್ತೆ ಕಡಿಯಿತು.

ಅಂದೇ ಅವರ ಮನೆಗೆ ಹೋಗಿ, ಹಾಗಾದರೆ ಮನೆಯೊಳಗೇ ಯಾರೋ ಫೋನ್ ಎತ್ತುತ್ತಿದ್ದಾರೆ ಎಂದೆ. ಎರಡನೆಯ ಫೋನ್ ಎಲ್ಲಿದೆ? ಅಡುಗೆಮನೆಯ ಬಾಗಿಲಲ್ಲಿ. ಬೆಳಿಗ್ಗೆ ಅಲ್ಲಿ ಯಾರಿರುತ್ತಾರೆ?

“ನಾನಾ?” ಎಂದರು ಗೌರಮ್ಮನವರು. “ದೇವನೂರಿನ ನಮ್ಮಕ್ಕನ ಹತ್ರ ಮಾತಾಡಿ ಎಂಟು ದಿನ ಆಯ್ತು ಕಣಪ್ಪ, ಇವಳ ಕೆಲಸ ಕೆಡಬಾರ್ದು ಅಂತ. ಅವಳೇನೋ ನಂಗೆ ಜ್ವರ ಬಂದೈತೆ ಅಂತ ತಿಳ್ಕಂಡು ಕಷಾಯದ ಪುಡಿ ಕಳ್ಸವ್ಳೆ. ನೀವು ನೋಡಿದ್ರೆ ಹಿಂಗಂತೀರಿ.”

“ಮರೆತು ಎತ್ತಿರಬಹುದು ಅಮ್ಮ,” ಎಂದೆ.

ಅವರು ಒಳಗೆ ಹೋದರು. ಒಂದು ಟವಲು ತಂದು ಆ ಫೋನಿಗೆ ಸುತ್ತಿ ಎರಡು ಗಂಟು ಹಾಕಿದರು. ಅಂದು ನನಗೆ ಕಾಫಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ಮತ್ತೆ ಕಡಿಯಿತು. ಗಂಟು ಹಾಗೆಯೇ ಇತ್ತು.

ಮೇಡಂ ದೂರು ಹೇಳುವವರಲ್ಲ. ಗುರುವಾರ ಸಂಜೆ ನಾನು, ರಂಗಪ್ಪ ಹೋದಾಗ ಅವರು ಶಾಲೆಯಿಂದ ಆಗತಾನೆ ಬಂದು ಚೀಲವನ್ನೂ ಕೆಳಗಿಡದೆ ನಿಂತಿದ್ದರು. “ನಾಳೆ, ನಾಳಿದ್ದು, ಎರಡೇ ಬೆಳಿಗ್ಗೆ ಸಾರ್,” ಎಂದರು, ಅಷ್ಟೇ. ಲೈನಿನ ತಪ್ಪಲ್ಲ ಎಂದು ಸಾಬೀತು ಮಾಡಲು ನಾನು ಎಕ್ಸ್‌ಚೇಂಜಿನ ಪುಸ್ತಕವನ್ನು ಕಂಕುಳಲ್ಲಿ ತಂದಿದ್ದೆ. ಅವರು ಲಿನಕ್ಸಿನ ದಿನಚರಿಯನ್ನು ಶಾಲೆಯಲ್ಲಿ ಮುದ್ರಿಸಿ ತಂದಿದ್ದರು. ಎರಡನ್ನೂ ಈರುಳ್ಳಿ ಚೀಲದ ಮೇಲೆ ಪಕ್ಕಪಕ್ಕ ಇಟ್ಟೆವು.

ಅವರದರಲ್ಲಿ ಪ್ರತಿದಿನ ಕಡಿದದ್ದು ಆರು ಐವತ್ತನಾಲ್ಕಕ್ಕೆ. ದಿನಾ ಅದೇ ನಿಮಿಷ. ಯಾವ ಫೋನಿಗೆ ಯಾವ ಪೇರ್ ಎಂದು ಬರೆದಿಡುವ ಜಂಪರ್ ಪುಸ್ತಕವನ್ನು ನಾನು ನೋಡಿಕೊಂಡೇ ಬಂದಿದ್ದೆ. ಅವರ ಫೋನು ಎಂಬತ್ತೇಳನೆಯ ಪೇರು. ನನ್ನ ಪುಸ್ತಕದಲ್ಲಿ ಎಂಬತ್ತೇಳರ ಮುಂದೆ, ನನ್ನದೇ ಅಕ್ಷರದಲ್ಲಿ, ವಾರಗಟ್ಟಲೆ ಒಂದೇ ಬರಹ: ‘6-58. ಹುರಿಯುವಂಥ ಸದ್ದು ಇತ್ತು. ಪರೀಕ್ಷಿಸಿದಾಗ ಸರಿಹೋಯಿತು.’

“ನೋಡಿ, ಐವತ್ತನಾಲ್ಕಕ್ಕೆ ಕಡಿದದ್ದು ಬೇರೆ, ಐವತ್ತೆಂಟರ ಸದ್ದು ಬೇರೆ,” ಎಂದೆ. “ನಮ್ಮ ಗಡಿಯಾರವನ್ನು ನಾನು ರೇಡಿಯೋ ಸಮಯಕ್ಕೆ ಕೂಡಿಸುತ್ತೇನೆ. ಅದರಲ್ಲಿ ತಪ್ಪಿಲ್ಲ.”

ಅಡುಗೆಮನೆಯ ಬಾಗಿಲಿನಿಂದ ಗೌರಮ್ಮನವರ ಮಾತು ಬಂತು. ನನ್ನ ಕಡೆ ನೋಡದೆ ಸೊಸೆಗೆ ಹೇಳಿದರು. “ನಿನ್ನ ಕಂಪ್ಯೂಟ್ರು ಗಡಿಯಾರ ಹಿಂದೆ ಐತಲ್ಲೇ. ಬಸ್ಸು ಹೊಂಟು ಹೋದ್ಮೇಲೆ ಅದ್ರಲ್ಲಿ ಏಳೂ ಇಪ್ಪತ್ತಾಗೋದು. ನಾನು ದಿನಾ ನೋಡ್ತೀನಿ.”

ಎಷ್ಟು ಹಿಂದೆ? ನನ್ನ ಕೈಗಡಿಯಾರ ನೋಡಿದೆವು, ಪರದೆ ನೋಡಿದೆವು. ನಾಲ್ಕು ನಿಮಿಷ.

ನಾನು ಚೀಲದ ಮೇಲೆ ಕುಳಿತೆ. ಕಿರುಚಾಟ ನಿಂತ ಮೇಲೆ ಲೈನು ಮೌನವಾಗಿರಲಿಲ್ಲ. ಮೋಡೆಮ್ ತನ್ನ ಸ್ಪೀಕರನ್ನು ಮುಚ್ಚಿಕೊಂಡಿತ್ತು, ಅಷ್ಟೆ. ತಂತಿಯೊಳಗೆ ಕನ್ನಡದ ಕಡತ ಹುರಿಯುವ ಸದ್ದು ಮಾಡುತ್ತಾ ಹೋಗುತ್ತಿತ್ತು. ಸರಿಯಾಗಿ ಆರು ಐವತ್ತೆಂಟಕ್ಕೆ ನಾನು ಹೋಗಿ ಆ ಪೇರಿಗೆ ಕ್ಲಿಪ್ ಕಚ್ಚಿಸುತ್ತಿದ್ದೆ. ಜನ ಮಾತಾಡುತ್ತಿದ್ದರೆ ಟಕ್ ಎಂದು ಕೇಳಿಸುತ್ತದೆ, ಅವರು ಮಾತು ಮುಂದುವರಿಸುತ್ತಾರೆ. ಮೋಡೆಮ್ ಹಾಗಲ್ಲ, ಅದರ ಕೊಂಡಿ ತಪ್ಪುತ್ತದೆ. ಸದ್ದು ನಿಲ್ಲುತ್ತಿತ್ತು. ಕ್ಲಿಪ್ ತೆಗೆದು ಮತ್ತೆ ಹಾಕಿದರೆ ಶುದ್ಧ ಡಯಲ್ ಟೋನ್. ಸರಿಹೋಯಿತು ಎಂದು ಬರೆದು ಎಂಬತ್ತೆಂಟಕ್ಕೆ ಹೋಗುತ್ತಿದ್ದೆ. ಮೊದಲಿನ ಚಿಕ್ಕ ಕಡತಗಳು ನಾನು ಬರುವ ಮೊದಲೇ ಹೋಗಿ ಮುಟ್ಟಿರುತ್ತಿದ್ದವು. ಹಾಗಾಗಿ ಯಾರಿಗೂ ತಿಳಿದಿರಲಿಲ್ಲ.

ಮೇಡಂ ಕಾಗದದ ಮೇಲೆ ಬೆರಳಿಟ್ಟರು. “ಆದ್ರೆ ಹೋದ ವಾರ ಒಂದು ದಿನ ಕಟ್ಟೇ ಆಗಿಲ್ಲ ಸಾರ್. ಬಸ್ಸಿನ ಹೊತ್ತಿನ ತನಕ ಇತ್ತು.”

ಆ ದಿನ ನಾನು ಕಡೂರಿಗೆ ಮೀಟಿಂಗಿಗೆ ಹೋಗಿದ್ದೆ. ಪುಸ್ತಕದಲ್ಲಿ ಎಂಬತ್ತೇಳರ ಮುಂದೆ ರಂಗಪ್ಪನ ಅಕ್ಷರ: ‘6-58. ಸರಿ.’ ಪುಟದುದ್ದಕ್ಕೂ ಸರಿ, ಸರಿ, ಸರಿ.

ರಂಗಪ್ಪ ಮೇಲೆ ಛಾವಣಿ ನೋಡುತ್ತಿದ್ದ.

“ಏನಪ್ಪಾ ರಂಗಪ್ಪ, ಅವತ್ತು ಟೆಸ್ಟ್ ಮಾಡಿದ್ಯಾ?”

“ಸಾರ್,” ಎಂದ ಅವನು, ಬಹಳ ವಿನಯದಿಂದ. “ಅವತ್ತೊಂದಿನ ಯಾರ ಲೈನೂ ಕೆಡ್ಲಿಲ್ಲ, ನೋಡಿ.”

ಮೊದಲು ನಕ್ಕದ್ದು ಗೌರಮ್ಮನವರು. ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, “ತಪ್ಪು ನನ್ನದು ಅಮ್ಮ. ನಿಮ್ಮ ಮೇಲೆ ಹೇಳಬಾರದಿತ್ತು,” ಎಂದೆ. “ಗಂಟು ನೀವೇ ಬಿಚ್ಚಿ,” ಎಂದರು. ಬಿಚ್ಚಿದೆ. ಗಟ್ಟಿ ಗಂಟು. ಆಮೇಲೆ ಕಾಫಿ ಬಂತು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಎಂದಿನಂತೆ ಮೊದಲನೆಯ ಪೇರಿನಿಂದ ಶುರು ಮಾಡಿದೆ. ಎಂಬತ್ತಾರು ಬಂತು. ಎಂಬತ್ತೇಳನ್ನು ಬಿಟ್ಟು ಎಂಬತ್ತೆಂಟಕ್ಕೆ ಹೋದೆ. ಪುಸ್ತಕದಲ್ಲಿ ಒಂದು ಖಾಲಿ ಸಾಲು. ಅಂಗಿಯ ಗುಂಡಿ ಒಂದು ಬಿಟ್ಟುಹೋದ ಹಾಗೆ ಅನ್ನಿಸುತ್ತಿತ್ತು. ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಏಳು ದಾಟಿ ಮೂರು ನಿಮಿಷ. ಹೊರಗೆ ಜೀಪು ನಿಂತ ಸದ್ದು. ಹೊಸದಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು, ತಿಳಿಸದೆ ತಪಾಸಣೆಗೆ. ಚಿಕ್ಕ ವಯಸ್ಸು, ಚುರುಕು ಕಣ್ಣು. ಪುಸ್ತಕ ತೆಗೆದ ಕೂಡಲೇ ಬೆರಳು ಖಾಲಿ ಸಾಲಿನ ಮೇಲೆ ಬಂತು.

“ಇದು ಯಾಕೆ ಖಾಲಿ?”

“ಆ ಪೇರಿನಲ್ಲಿ ಕೆಲಸ ನಡೆಯುತ್ತಿದೆ ಸಾರ್.”

“ಏನು ಕೆಲಸ? ನೋಡೋಣ,” ಎಂದು ಟೆಸ್ಟ್ ಫೋನ್ ಎತ್ತಿಕೊಂಡು ಫ್ರೇಮಿನ ಕಡೆ ಹೊರಟರು. ಕ್ಲಿಪ್ಪು ಬಾಯಿ ತೆರೆದಿತ್ತು. ನಾನು ಮುಂದೆ ಹೋಗಿ ಎಂಬತ್ತೇಳರ ಮೇಲೆ ಅಂಗೈ ಮುಚ್ಚಿದೆ. ನನ್ನ ಸರ್ವೀಸಿನಲ್ಲಿ ಮೇಲಧಿಕಾರಿಯ ಕೈಗೆ ಅಡ್ಡ ನಿಂತದ್ದು ಅದೊಂದೇ ಸಲ. ಬಾಗಿಲಲ್ಲಿ ರಂಗಪ್ಪ ನಿಂತಿದ್ದ.

“ಸಾರ್, ಇಷ್ಟು ವಾರ ಇದನ್ನು ದಿನಾ ಕಡಿದವನು ನಾನೇ. ಇವತ್ತು ಕಡಿದರೆ ಒಬ್ಬರು ಟೀಚರ್ ನಾಲ್ಕು ತಿಂಗಳು ಮಾಡಿದ ಕೆಲಸ ಹೋಗುತ್ತದೆ,” ಎಂದು ಶುರು ಮಾಡಿ, ಮೋಡೆಮ್, ಗಡಿಯಾರ, ಗೌರಮ್ಮನವರ ಟವಲು ಎಲ್ಲವನ್ನೂ ಅಂಗೈ ತೆಗೆಯದೆ ಹೇಳಿ ಮುಗಿಸಿದೆ.

ಸಾಹೇಬರು ಕ್ಲಿಪ್ಪನ್ನು ನೋಡಿದರು, ನನ್ನನ್ನು ನೋಡಿದರು. “ಇನ್ನೆಷ್ಟು ಹೊತ್ತು?”

“ಹತ್ತು ನಿಮಿಷ ಸಾರ್.”

ಅವರು ಸ್ಟೂಲ್ ಎಳೆದುಕೊಂಡು ಕುಳಿತರು. “ಕೈ ತೆಗೀರಿ ಮಲ್ಲೇಶಪ್ಪ. ನಾನು ಮುಟ್ಟಲ್ಲ.”

ಗಡಿಯಾರದ ಕೆಳಗೆ ಮೂವರೂ ಕುಳಿತೆವು. ಏಳು ಹತ್ತು. ಏಳು ಹನ್ನೆರಡು. ಏಳು ಹದಿನಾಲ್ಕಕ್ಕೆ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು.

“ಏನಪ್ಪಾ,” ಗೌರಮ್ಮನವರ ಧ್ವನಿ, ಸಾಹೇಬರಿಗೂ ಕೇಳಿಸುವಷ್ಟು ಜೋರಾಗಿ. “ಪೂರ್ತಿ ಹೋಗಿ ಮುಟ್ತಂತೆ. ಆ ಕಡೆಯಿಂದ ಸಿಕ್ತು ಅಂತ ಉತ್ರಾನೂ ಬಂತಂತೆ. ಅವಳು ಬಸ್ಸಿಗೆ ಓಡಿದ್ಲು. ಇನ್ಮೇಲೆ ನಾನು ಫೋನ್ ಮುಟ್ಬೋದು ತಾನೆ?”

“ಮುಟ್ಟಿ ಅಮ್ಮ.”

“ಹಂಗಾದ್ರೆ ಇಡಪ್ಪ. ನಮ್ಮಕ್ಕನಿಗೆ ಮಾಡ್ಬೇಕು.”

ಸಾಹೇಬರು ಎದ್ದು ಎಂಬತ್ತೇಳಕ್ಕೆ ತಾವೇ ಕ್ಲಿಪ್ ಹಾಕಿದರು. ಒಂದು ಕ್ಷಣ ಕೇಳಿ, ತುಟಿಯ ಮೂಲೆಯಲ್ಲಿ ನಕ್ಕು ತಟ್ಟನೆ ತೆಗೆದರು. “ಜ್ವರದ ವಿಷಯ ಮಾತಾಡ್ತಿದಾರೆ,” ಎಂದರು. ಖಾಲಿ ಸಾಲಿನಲ್ಲಿ ‘ಸರಿ’ ಎಂದು ಬರೆದು ಸಹಿ ಹಾಕಿದರು. ವಿಶೇಷ ಲೈನುಗಳಿಗೆ ಹಾಕುವ ಪುಟ್ಟ ಕೆಂಪು ಪ್ಲಾಸ್ಟಿಕ್ ಟೋಪಿಯೊಂದನ್ನು ಡಬ್ಬಿಯಿಂದ ತೆಗೆದು ಆ ಪೇರಿಗೆ ತೊಡಿಸಿದರು. ಮೋಡೆಮ್ ಇರುವ ಪೇರಿಗೆಲ್ಲ ಹೀಗೆ ಟೋಪಿ ಹಾಕಿ, ಅವುಗಳ ಪರೀಕ್ಷೆ ಹತ್ತು ಗಂಟೆಯ ಮೇಲೆ, ಅದೂ ಫೋನ್ ಮಾಡಿ ಕೇಳಿಕೊಂಡು ಮಾಡಿ ಎಂದರು. ಅಂದಿನಿಂದ ನನ್ನ ಪದ್ಧತಿಗೆ ಒಂದು ಸಾಲು ಸೇರಿತು. ತಿಂಗಳ ಮೀಟಿಂಗಿಗೆ ಕಡೂರಿಗೆ ಹೋದಾಗ, ನಿವೃತ್ತರಾಗಿ ಅಲ್ಲೇ ಇದ್ದ ನನ್ನ ಹಳೆಯ ಸೂಪರ್‌ವೈಸರು ಅದನ್ನು ಕೇಳಿ, “ಕಾಫಿಪುಡಿ ಅಂಗಡಿ ಕಥೆ ಬಂದಾಗ್ಲೇ ಹೇಳಿದ್ನಲ್ಲಯ್ಯ,” ಎಂದರು.

ಹೊಸ ಸಿ.ಡಿ. ಬಂದ ಮೇಲೆ ಮೇಡಂ ನನ್ನನ್ನೂ ರಂಗಪ್ಪನನ್ನೂ ಚೌಳಹಿರಿಯೂರಿನ ಶಾಲೆಗೆ ಕರೆದರು. ಪರದೆ ತುಂಬ ಕನ್ನಡ. ಮಕ್ಕಳು ಬೆರಳಿಟ್ಟು ಗಟ್ಟಿಯಾಗಿ ಓದಿ ಒತ್ತುತ್ತಿದ್ದರು. ಮೇಡಂ ಒಂದು ಹಳೆಯ ಕಡತವನ್ನು ಫ್ಲಾಪಿಗೆ ಕಳುಹಿಸಲು ಹಚ್ಚಿ, ನಡುವೆ ನಿಲ್ಲಿಸುವ ಗುಂಡಿಯನ್ನು ಒತ್ತಿ, ನನ್ನನ್ನು ಮುಂದೆ ಕೂರಿಸಿದರು.

ಪರದೆಯ ಮೇಲೆ ಒಂದು ಪುಟ್ಟ ಚೌಕ ಬಂತು: ‘ಕೆಲಸ ನಡೆಯುತ್ತಿದೆ. ಈಗಲೇ ಕಡಿಯಬೇಕೆ?’ ಕೆಳಗೆ ಎರಡು ಗುಂಡಿ. ಹೌದು. ಬೇಡ.

“ಇದನ್ನ ಬರೆಯುವಾಗ ನೀವು ನೆನಪಾಗಿರಲಿಲ್ಲ ಸಾರ್,” ಎಂದರು ಮೇಡಂ. “ಈಗ ನೋಡಿದಾಗಲೆಲ್ಲ ನೆನಪಾಗ್ತೀರಿ.”

ರಂಗಪ್ಪ ಹಿಂದಿನಿಂದ ಬಗ್ಗಿ, “ಗಂಟೆ ನೋಡ್ಕಂಡು ಒತ್ತಿ ಸಾರ್,” ಎಂದ.

ನಾನು ಬೇಡ ಎಂಬುದನ್ನು ಒತ್ತಿದೆ.